ಮಾನದಿಂದ ಸಮ್ಮತಿಗೆ: ಜಹೀರಾಬಾದ್, ನಾರಾಯಣಖೇಡ್, ತಾಂಡೂರಿನ ಗಡಿಯಿಂದ ನೋಡಿದ ಅತ್ಯಾಚಾರ ಕಾನೂನಿನ ಚರಿತ್ರೆ

(ಸ್ನಾತಕೋತ್ತರ ಕನ್ನಡ ವಿಭಾಗದ ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದೆ.)



ಕನ್ನಡ ಸಾಹಿತ್ಯ ಓದುವವಳು ದಂಡ ಸಂಹಿತೆಯ ಮೇಲೆ ಪ್ರಬಂಧ ಓದ್ತಾಳೆ ಅಂದ್ರೆ ಇದು ಕಾನೂನು ವಿಭಾಗದವರ ಕೆಲಸ ಅಲ್ವಾ ಅಂತ ನಿಮಗೆ ಅನ್ನಿಸಬಹುದು. ನನ್ನ ಉತ್ತರ ಸರಳ. ಕಾನೂನು ಅನ್ನೋದು ವಾಕ್ಯ. ಅಪರಾಧದ ವ್ಯಾಖ್ಯೆ ಅನ್ನೋದು ಪದಗಳ ಆಯ್ಕೆ. ಯಾವ ಪದ ಬಳಸಿದೆವು ಅನ್ನೋದರ ಮೇಲೆ ಒಬ್ಬ ಹೆಣ್ಣುಮಗಳ ದೂರು ಯಾವ ಕಲಮಿನ ಕೆಳಗೆ ಬೀಳುತ್ತೆ, ಆರೋಪಿಗೆ ಎಷ್ಟು ವರ್ಷ ಆಗುತ್ತೆ ಅನ್ನೋದು ತೀರ್ಮಾನವಾಗುತ್ತೆ. ಪದಗಳ ಚರಿತ್ರೆ ನಮ್ಮ ವಿಭಾಗದ ಕೆಲಸವೇ.

ಒಂದು ಸಂಗತಿಯಿಂದ ಶುರು ಮಾಡ್ತೇನೆ. 1991ರಿಂದ 2013ರ ತನಕ, ಬೀದರ್ ತಾಲೂಕಿನ ಒಂದು ಹಳ್ಳಿಯಲ್ಲಿ ಒಬ್ಬ ಗಂಡಸು ಹೆಂಗಸಿನ ಮೇಲೆ ಕೈಮಾಡಿ ಆಕೆಯ ಮರ್ಯಾದೆಗೆ ಕುಂದು ತಂದರೆ, ಭಾರತೀಯ ದಂಡ ಸಂಹಿತೆಯ 354ನೆಯ ಕಲಮಿನ ಪ್ರಕಾರ ಅವನಿಗೆ ಹೆಚ್ಚೆಂದರೆ 2 ವರ್ಷ ಜೈಲು. ಬರೀ ದಂಡ ಕಟ್ಟಿ ಹೊರಗೆ ಬರುವ ಅವಕಾಶವೂ ಇತ್ತು. ಅದೇ ಕೃತ್ಯ ಗಡಿಯಾಚೆ ಜಹೀರಾಬಾದಿನಲ್ಲಿ ನಡೆದರೆ ಕನಿಷ್ಠ 5 ವರ್ಷ, ಗರಿಷ್ಠ 7 ವರ್ಷ. ಸಂಹಿತೆ ಅದೇ, ಕಲಮಿನ ಸಂಖ್ಯೆಯೂ ಅದೇ. ನಡುವೆ ಒಂದು ರಾಜ್ಯದ ಗಡಿ. ಆ ಗಡಿ ಹುಟ್ಟಿದ್ದು 1956ರಲ್ಲಿ. ಈ ಸಂಗತಿಯ ಹಿಂದೆ ಮುಂದೆ ಏನಿದೆ ಅಂತ ನೋಡುವುದೇ ಈ ಪ್ರಬಂಧ.

ಇನ್ನೊಂದು ಮಾತು ಮೊದಲೇ ಹೇಳಿಬಿಡ್ತೇನೆ. ಇಲ್ಲಿ ಬರುವ ಮೊಕದ್ದಮೆಗಳಲ್ಲಿ ನೊಂದ ಹೆಂಗಸರ ಹೆಸರನ್ನು ನಾನು ಹೇಳೋದಿಲ್ಲ. ಕೆಲವು ಹೆಸರು ಪುಸ್ತಕಗಳಲ್ಲಿ ಎಲ್ಲರಿಗೂ ಗೊತ್ತಿರುವಂಥವೇ. ಆದರೂ 1983ರಲ್ಲಿ ಬಂದ 228ಎ ಕಲಂ, ಈಗಿನ ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಂ, ಅಂಥ ಹೆಸರು ಬಹಿರಂಗ ಮಾಡಬಾರದು ಅಂತ ಹೇಳುತ್ತೆ. ಮೊಕದ್ದಮೆಯನ್ನು ಠಾಣೆಯ ಹೆಸರಿನಿಂದಲೋ ಆರೋಪಿಯ ಹೆಸರಿನಿಂದಲೋ ಕರೆಯೋಣ.

ಮೂರು ತಾಲೂಕು, ಒಂದೇ ಜೀವಮಾನದಲ್ಲಿ ಮೂರು ಆಡಳಿತ

ಜಹೀರಾಬಾದ್ ಮತ್ತು ನಾರಾಯಣಖೇಡ್ 1956ರ ತನಕ ಬೀದರ್ ಜಿಲ್ಲೆಯ ತಾಲೂಕುಗಳು. ತಾಂಡೂರು ಗುಲ್ಬರ್ಗ ಜಿಲ್ಲೆಯದು. ಮೂರೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆ ಆದಾಗ ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಬಹುಭಾಗ ಮೈಸೂರು ರಾಜ್ಯಕ್ಕೆ ಬಂತು. ಆದರೆ ನಿರ್ಣಾ ಸರ್ಕಲ್ ಬಿಟ್ಟು ಜಹೀರಾಬಾದ್ ತಾಲೂಕು, ಬೀದರ್ ತಾಲೂಕಿನ ನ್ಯಾಲಕಲ್ ಸರ್ಕಲ್, ಇಡೀ ನಾರಾಯಣಖೇಡ್ ತಾಲೂಕು, ಗುಲ್ಬರ್ಗ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ಆಂಧ್ರಪ್ರದೇಶಕ್ಕೆ ಹೋದವು. 2014ರ ಜೂನ್ 2ರಿಂದ ಅವು ತೆಲಂಗಾಣದಲ್ಲಿವೆ. 2016ರ ಜಿಲ್ಲಾ ವಿಂಗಡಣೆಯ ನಂತರ ಮೊದಲ ಎರಡು ಸಂಗಾರೆಡ್ಡಿ ಜಿಲ್ಲೆಗೆ, ತಾಂಡೂರು ವಿಕಾರಾಬಾದ್ ಜಿಲ್ಲೆಗೆ ಸೇರಿವೆ.

ಆದರೆ ನೆಂಟಸ್ತನ, ಸಂತೆ, ಜಾತ್ರೆ ಗಡಿ ನೋಡಿ ನಡೆಯೋದಿಲ್ಲ. ಜಹೀರಾಬಾದಿನವರಿಗೆ ಬೀದರ್ ಹತ್ತಿರ. ತಾಂಡೂರಿನವರಿಗೆ ಸೇಡಂ, ಚಿಂಚೋಳಿ ಹತ್ತಿರ. ಹೆಣ್ಣು ಕೊಡೋದು ತರೋದು ಎರಡೂ ಕಡೆ ನಡೆಯುತ್ತೆ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ದಖನಿ ಉರ್ದು, ಶಾಲೆ ಕಚೇರಿಯಲ್ಲಿ ತೆಲುಗು, ಮೇಲಿನ ಕೋರ್ಟಿನಲ್ಲಿ ಇಂಗ್ಲಿಷ್. ಈ ನಾಲ್ಕು ಭಾಷೆಯ ಬದುಕು ನನ್ನ ವಾದಕ್ಕೆ ಮುಖ್ಯ. ಅದಕ್ಕೆ ಕೊನೆಯಲ್ಲಿ ಮತ್ತೆ ಬರ್ತೇನೆ.

ಸಂಸ್ಥಾನದ ಕಾಲದಲ್ಲಿ ಇಲ್ಲಿ ಬ್ರಿಟಿಷ್ ಭಾರತದ ಐಪಿಸಿ ನಡೆಯುತ್ತಿರಲಿಲ್ಲ. ಹೈದರಾಬಾದಿಗೆ ಅದರದೇ ದಂಡ ಸಂಹಿತೆ ಇತ್ತು. ಅದರ ಅಚ್ಚು ಬಹುಮಟ್ಟಿಗೆ ಐಪಿಸಿಯದೇ, ಕಲಮುಗಳ ಸಂಖ್ಯೆ ಬೇರೆ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಪಾರಸಿಯ ಜಾಗಕ್ಕೆ ಉರ್ದು ಬಂದಮೇಲೆ ಕೋರ್ಟಿನ ವ್ಯವಹಾರವೆಲ್ಲ ಉರ್ದುವಿನಲ್ಲೇ. ಅದರ ಮೇಲೆ ಬೀದರ್, ಗುಲ್ಬರ್ಗ ಭಾಗದಲ್ಲಿ ಪಾಯಗಾ ಮತ್ತು ಜಾಗೀರುಗಳು ಹೆಚ್ಚು. 1949ರಲ್ಲಿ ಜಾಗೀರುಗಳು ರದ್ದಾಗುವ ತನಕ ದೊಡ್ಡ ಜಾಗೀರುಗಳಲ್ಲಿ ಪೊಲೀಸು, ನ್ಯಾಯ ಎರಡೂ ಒಡೆಯರ ನೆರಳಲ್ಲೇ ಇದ್ದವು. ದೂರು ಕೊಡಬೇಕಾದವಳ ಮನೆ ನಡೆಯುತ್ತಿದ್ದುದೂ ಅದೇ ಒಡೆಯರ ಹೊಲದ ಕೂಲಿಯಿಂದ ಅನ್ನೋದನ್ನು ನೆನಪಿಟ್ಟುಕೊಳ್ಳಬೇಕು.

ಬಿ ಭಾಗದ ರಾಜ್ಯಗಳ ಕಾನೂನು ಅಧಿನಿಯಮ 1951ರ ಏಪ್ರಿಲ್ 1ರಿಂದ ಜಾರಿಯಾದಾಗ ಐಪಿಸಿ ಹೈದರಾಬಾದಿಗೆ ವಿಸ್ತರಿಸಿತು. ಅಂದರೆ 1930ರ ಸುಮಾರಿಗೆ ನಾರಾಯಣಖೇಡಿನಲ್ಲಿ ಹುಟ್ಟಿದ ಒಬ್ಬ ಅಜ್ಜಿ ತನ್ನ ಊರಲ್ಲೇ ಕೂತು ನಿಜಾಮರ ಸಂಹಿತೆ, ಹೈದರಾಬಾದ್ ರಾಜ್ಯದಲ್ಲಿ ಐಪಿಸಿ, ಆಮೇಲೆ ಆಂಧ್ರದ ತಿದ್ದುಪಡಿಗಳಿರುವ ಐಪಿಸಿ, ಹೀಗೆ ಮೂರು ಆಡಳಿತ ಕಂಡಿರ್ತಾಳೆ.

1860ರ ವ್ಯಾಖ್ಯೆಯಲ್ಲಿ ಏನಿತ್ತು?

1860ರಲ್ಲಿ ಅಂಗೀಕಾರವಾಗಿ 1862ರಿಂದ ಜಾರಿಗೆ ಬಂದ ಐಪಿಸಿಯ 375ನೆಯ ಕಲಂ ಒಂದು ದೃಷ್ಟಿಯಿಂದ ಆಶ್ಚರ್ಯ ಹುಟ್ಟಿಸುತ್ತೆ. ಅದರಲ್ಲಿ 'ಮಾನ', 'ಶೀಲ', 'ಕುಲ' ಯಾವ ಪದವೂ ಇಲ್ಲ. ಇಚ್ಛೆಗೆ ವಿರುದ್ಧವಾಗಿ, ಸಮ್ಮತಿ ಇಲ್ಲದೆ, ಜೀವಭಯ ಅಥವಾ ಪೆಟ್ಟಿನ ಭಯ ಹುಟ್ಟಿಸಿ ಪಡೆದ ಸಮ್ಮತಿಯಿಂದ, ತಾನೇ ಗಂಡ ಅಂತ ನಂಬಿಸಿ, ಅಥವಾ ಹುಡುಗಿ 10 ವರ್ಷಕ್ಕಿಂತ ಚಿಕ್ಕವಳಾಗಿದ್ದರೆ ಸಮ್ಮತಿ ಇರಲಿ ಇಲ್ಲದಿರಲಿ, ಲೈಂಗಿಕ ಸಂಭೋಗ ನಡೆಸಿದರೆ ಅದು ಅತ್ಯಾಚಾರ. ಶಿಕ್ಷೆ ಜೀವಾವಧಿ ಗಡೀಪಾರು, ಇಲ್ಲವೇ 10 ವರ್ಷದ ತನಕ ಜೈಲು ಮತ್ತು ದಂಡ. ಕನಿಷ್ಠ ಶಿಕ್ಷೆ ಅಂತ ಇರಲಿಲ್ಲ. ಹೆಂಡತಿ 10 ದಾಟಿದ್ದರೆ ಗಂಡನಿಗೆ ಈ ಕಲಂ ಅನ್ವಯಿಸುತ್ತಿರಲಿಲ್ಲ.

ಈ ವಯಸ್ಸಿನ ಅಂಕಿ ಏರುತ್ತ ಬಂದ ಬಗೆಯೇ ಒಂದು ಚರಿತ್ರೆ. 1891ರಲ್ಲಿ 12. 1925ರಲ್ಲಿ 14, ಹೆಂಡತಿಯಾಗಿದ್ದರೆ 13. 1949ರಲ್ಲಿ 16, ಹೆಂಡತಿಗೆ 15. 2013ರಲ್ಲಿ 18. ಹೆಂಡತಿಗೆ ಮಾತ್ರ 15 ಅಂತಲೇ ಉಳಿದಿತ್ತು. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ 18 ಅಂತ ಓದಬೇಕು ಎಂದಿತು. 1891ರ ತಿದ್ದುಪಡಿಗೆ ಪುಣೆ, ಕಲ್ಕತ್ತಗಳಲ್ಲಿ ಎಷ್ಟು ವಿರೋಧ ಬಂತು ಅಂತ ಓದಿದ್ದೇವೆ. ಅದರ ಜಗಳವೆಲ್ಲ ಧರ್ಮದ ಬಗ್ಗೆ, ಹುಡುಗಿಯ ಮೈಯ ಬಗ್ಗೆ ಮಾತು ಕಡಿಮೆ.

ಮಾನಕ್ಕೆ ಜಾಗ ಸಿಕ್ಕಿದ್ದು ಇನ್ನೊಂದು ಕಲಮಿನಲ್ಲಿ. 354ರಲ್ಲಿ ಇಂಗ್ಲಿಷಿನ 'ಮಾಡೆಸ್ಟಿ' ಅನ್ನೋ ಪದ ಇದೆ. ಅದನ್ನು ಕನ್ನಡದಲ್ಲಿ 'ಮಾನಭಂಗ', 'ಮರ್ಯಾದೆಗೆ ಕುಂದು', 'ಸಭ್ಯತೆಗೆ ಧಕ್ಕೆ' ಅಂತೆಲ್ಲ ಬರೆದಿದ್ದೇವೆ. ವಿಚಿತ್ರ ಏನಂದ್ರೆ ನಮ್ಮ ಪತ್ರಿಕೆಗಳಲ್ಲಿ 'ಮಾನಭಂಗ' ಅನ್ನೋದನ್ನು 375ರ ಅಪರಾಧಕ್ಕೂ ಬಹಳ ಕಾಲ ಬಳಸಿದ್ದೇವೆ. ತೆಲುಗಿನಲ್ಲೂ ಹಾಗೇ. ಎರಡು ಬೇರೆ ಅಪರಾಧ, ಬೇರೆ ಶಿಕ್ಷೆ. ಜನರ ಬಾಯಲ್ಲಿ ಒಂದೇ ಪದ.

ನಾಲ್ಕು ಭಾಷೆ, ಒಂದೇ ನೋಟ

ಈ ಗಡಿಯ ನಾಲ್ಕು ಭಾಷೆಗಳನ್ನು ಒಟ್ಟಿಗೆ ಇಟ್ಟು ನೋಡೋಣ. ಉರ್ದು ಕಾನೂನಿನ ಪದ 'ಜಿನಾ ಬಿಲ್ ಜಬ್ರ್'. 'ಜಿನಾ' ಅಂದರೆ ಮದುವೆಯಾಚೆಗಿನ ಸಂಬಂಧ, 'ಜಬ್ರ್' ಅಂದರೆ ಬಲವಂತ. ಅಂದರೆ ಮೊದಲು ಅದು ವ್ಯಭಿಚಾರ, ಆಮೇಲೆ ಬಲವಂತದ್ದು. ಆಡುಮಾತಿನಲ್ಲಿ 'ಇಜ್ಜತ್ ಲೂಟಿ', ಅಂದರೆ ಗೌರವದ ದರೋಡೆ. ತೆಲುಗಿನ 'ಚೆರಚು' ಅಂದರೆ ಕೆಡಿಸು. ಕನ್ನಡದಲ್ಲೂ 'ಕೆಡಿಸಿದ' ಅಂತೀವಿ. 'ಅವನು ಅವಳನ್ನು ಕೆಡಿಸಿದ' ಅಂದ ಕೂಡಲೇ ವಾಕ್ಯದ ಭಾರ ಎಲ್ಲಿ ಬೀಳುತ್ತೆ ನೋಡಿ. ಕೆಟ್ಟವಳು ಅವಳು. ಮಾಡಿದವನು ಕೆಡಲಿಲ್ಲ.

'ಬಲಾತ್ಕಾರ' ಅನ್ನೋ ಪದ ಬಲದ ಮೇಲೆ ನಿಲ್ಲುತ್ತೆ. ಹಾಗಾಗಿ ಕೇಳುವವರ ಮೊದಲ ಪ್ರಶ್ನೆ, ನೀನು ಬಿಡಿಸಿಕೊಳ್ಳಲಿಲ್ಲವಾ, ಕೂಗಲಿಲ್ಲವಾ, ಮೈಮೇಲೆ ಗಾಯ ಎಲ್ಲಿ ಅಂತ. 'ಅತ್ಯಾಚಾರ' ಅನ್ನೋ ಪದ ಅತಿ ಮತ್ತು ಆಚಾರ ಸೇರಿ ಆದದ್ದು, ಮೇರೆ ಮೀರಿದ ನಡತೆ. ಇದೊಂದರಲ್ಲೇ ಭಾರ ಮಾಡಿದವನ ಮೇಲಿದೆ. ಆದರೆ ಇದರಲ್ಲೂ ಸಮ್ಮತಿಯ ಮಾತಿಲ್ಲ. ಈ ಯಾವ ಪದವೂ ಅವಳು ಒಪ್ಪಿದಳೋ ಇಲ್ಲವೋ ಅಂತ ಕೇಳೋದೇ ಇಲ್ಲ. 1860ರ ವಸಾಹತು ಕಾನೂನು ಸಮ್ಮತಿಯ ಪದವನ್ನು ತಂದಿತು. ಆದರೆ ಅದನ್ನು ಓದಿದ ಪೊಲೀಸರು, ವಕೀಲರು, ನ್ಯಾಯಾಧೀಶರು ನಮ್ಮ ಪದಗಳ ಒಳಗೆ ಬೆಳೆದವರು. ಕಾಗದದ ಮೇಲೆ ಸಮ್ಮತಿ, ಮನಸ್ಸಿನಲ್ಲಿ ಮಾನ. ಈ ಎರಡರ ಎಳೆದಾಟವೇ ಮುಂದಿನ ನೂರೈವತ್ತು ವರ್ಷದ ಕಥೆ ಅನ್ನೋದು ನನ್ನ ವಾದ.

ಮೊಕದ್ದಮೆಯೇ ಆಗದ ಕಾಲ

1946ರಿಂದ 1951ರ ನಡುವಿನ ಕಾಲವನ್ನು ಬಿಟ್ಟು ಮುಂದೆ ಹೋಗೋಕೆ ಆಗೋದಿಲ್ಲ. ಒಂದು ಕಡೆ ತೆಲಂಗಾಣದ ರೈತ ಹೋರಾಟ. ಅದರ ಹಿಂದೆ ಬಿಟ್ಟಿ ದುಡಿಮೆ ಇತ್ತು, ದೊರೆಗಳ ಮನೆಯಲ್ಲಿ ಮದುಮಗಳ ಜೊತೆ ಬಳುವಳಿಯಾಗಿ ಹೆಣ್ಣುಗಳನ್ನು ಕಳಿಸುವ 'ಆಡಬಾಪ' ಪದ್ಧತಿ ಇತ್ತು. ಆ ಹೆಣ್ಣುಗಳ ಸಮ್ಮತಿಯನ್ನು ಯಾರೂ ಕೇಳಿರಲಿಲ್ಲ. ಇನ್ನೊಂದು ಕಡೆ ರಜಾಕಾರರ ಹಾವಳಿ, 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದ ಹತ್ಯಾಕಾಂಡ. ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ. ಅದರ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆ.

ಆ ಕೊನೆಯದರ ಬಗ್ಗೆ ಪಂಡಿತ್ ಸುಂದರಲಾಲ್ ನೇತೃತ್ವದ ಸಮಿತಿ ಪ್ರವಾಸ ಮಾಡಿ ವರದಿ ಕೊಟ್ಟಿತು. ಹೆಚ್ಚು ನರಳಿದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ್ ಅಂತ ಅದು ಗುರುತಿಸಿತು. ನಮ್ಮ ಮೂರೂ ತಾಲೂಕುಗಳು ಆಗ ಇದ್ದದ್ದು ಈ ಬೀದರ್, ಗುಲ್ಬರ್ಗ ಜಿಲ್ಲೆಗಳಲ್ಲೇ. ಕೊಲೆ, ಲೂಟಿಯ ಜೊತೆಗೆ ಹೆಂಗಸರ ಅಪಹರಣ, ಅತ್ಯಾಚಾರಗಳನ್ನೂ ಸಮಿತಿ ದಾಖಲಿಸಿತು. ಆ ವರದಿ ದಶಕಗಳ ಕಾಲ ಸಾರ್ವಜನಿಕರ ಕೈಗೆ ಸಿಗಲಿಲ್ಲ.

ನಮ್ಮ ಭಾಗದ ವಿಮೋಚನೆಯ ಚರಿತ್ರೆ ಬರೆಯುವಾಗ 'ಹೆಂಗಸರ ಮಾನ ಹೋಯಿತು' ಅನ್ನೋ ಒಂದು ಸಾಲು ಬರುತ್ತೆ. ಯಾವ ಕೋಮಿನ ಹೆಂಗಸು ಅನ್ನೋದರ ಮೇಲೆ ಆ ಸಾಲು ಬರುತ್ತೋ ಬಿಡುತ್ತೋ ತೀರ್ಮಾನವಾಗುತ್ತೆ. ಮಾನ ಅನ್ನೋ ಪದಕ್ಕೆ ಈ ಗುಣ ಇದೆ. ಅದು ಕೋಮಿನ ಆಸ್ತಿಯಾಗಿಬಿಡುತ್ತೆ. ಸಮ್ಮತಿ ಅನ್ನೋ ಪದ ಹಾಗಲ್ಲ, ಅದು ಒಬ್ಬೊಬ್ಬ ಹೆಂಗಸಿನದು.

ನಲ್ಲಕುಂಟದಿಂದ ರಾಯಚೂರಿಗೆ

1978ರ ಮಾರ್ಚ್ ಕೊನೆಯಲ್ಲಿ ಹೈದರಾಬಾದಿನ ನಲ್ಲಕುಂಟ ಪೊಲೀಸ್ ಠಾಣೆಯಲ್ಲಿ, ರಾತ್ರಿ ಸಿನಿಮಾ ನೋಡಿ ವಾಪಸ್ ಬರುತ್ತಿದ್ದ ಒಬ್ಬ ಹೆಂಗಸಿನ ಮೇಲೆ ಪೊಲೀಸರು ಅತ್ಯಾಚಾರ ಮಾಡಿದರು ಅನ್ನೋ ಆರೋಪ ಬಂತು. ಅವಳ ಗಂಡ ಪೊಲೀಸರ ಹೊಡೆತಕ್ಕೆ ಸತ್ತ. ಊರು ಹೊತ್ತಿ ಉರಿಯಿತು. ಗೋಲಿಬಾರ್, ಕರ್ಫ್ಯೂ ಆಯಿತು. ಸರ್ಕಾರ ನ್ಯಾಯಮೂರ್ತಿ ಮುಕ್ತದರ್ ಆಯೋಗ ನೇಮಿಸಿತು. ಆಯೋಗದ ಮುಂದೆ ಪೊಲೀಸರ ಪರ ವಾದವೆಲ್ಲ ಆ ಹೆಂಗಸಿನ ನಡತೆಯ ಮೇಲೆಯೇ. ಅವಳು ವೇಶ್ಯೆ, ಅವಳ ಮದುವೆಯೇ ಮದುವೆಯಲ್ಲ ಅಂತ. ಆದರೂ ಆಯೋಗ ಪೊಲೀಸರು ತಪ್ಪಿತಸ್ಥರು ಅಂತ ಹೇಳಿತು.

ಮೊಕದ್ದಮೆ ಮಾತ್ರ ಹೈದರಾಬಾದಿನಲ್ಲಿ ನಡೆಯಲಿಲ್ಲ. ಕರ್ನಾಟಕದ ರಾಯಚೂರಿನ ಸೆಷನ್ಸ್ ಕೋರ್ಟಿಗೆ ವರ್ಗವಾಯಿತು. ಒಂದು ರಾಜ್ಯದ ಕ್ರಿಮಿನಲ್ ಮೊಕದ್ದಮೆಯನ್ನು ಇನ್ನೊಂದು ರಾಜ್ಯಕ್ಕೆ ಕಳಿಸುವ ಅಧಿಕಾರ ಆಗಿನ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 406ನೆಯ ಕಲಮಿನಲ್ಲಿ ಸುಪ್ರೀಂ ಕೋರ್ಟಿಗೆ ಇತ್ತು. 1956ಕ್ಕೆ ಮುಂಚೆ ರಾಯಚೂರು, ಹೈದರಾಬಾದ್ ಎರಡೂ ಒಂದೇ ರಾಜ್ಯ. ಈಗ ಅದೇ ರಾಯಚೂರು 'ಹೊರಗಿನ ಜಾಗ' ಅನ್ನಿಸಿಕೊಂಡಿತ್ತು. 1981ರಲ್ಲಿ ರಾಯಚೂರಿನ ಕೋರ್ಟು ಆರೋಪಿ ಪೊಲೀಸರನ್ನು ಖುಲಾಸೆ ಮಾಡಿತು.

ಇದೇ ಕಾಲಕ್ಕೆ ಮಹಾರಾಷ್ಟ್ರದ ತುಕಾರಾಂ ಮೊಕದ್ದಮೆ. 1972ರಲ್ಲಿ ದೇಸಾಯಿಗಂಜ್ ಠಾಣೆಯಲ್ಲಿ ಆದಿವಾಸಿ ಹುಡುಗಿಯ ಮೇಲೆ ನಡೆದ ಕೃತ್ಯ. ಹೈಕೋರ್ಟ್ ಕೊಟ್ಟ ಶಿಕ್ಷೆಯನ್ನು 1978ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಮೈಮೇಲೆ ಗಾಯ ಇಲ್ಲ, ಪ್ರತಿರೋಧದ ಗುರುತಿಲ್ಲ, ಆದ್ದರಿಂದ ಸಮ್ಮತಿ ಇತ್ತು ಅನ್ನೋ ತರ್ಕ. 1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಗಮ್ವಾರ್, ರಘುನಾಥ್ ಕೇಳ್ಕರ್ ಈ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಠಾಣೆಯೊಳಗೆ ಹೆದರಿ ಸುಮ್ಮನಿರುವುದಕ್ಕೂ ಒಪ್ಪುವುದಕ್ಕೂ ವ್ಯತ್ಯಾಸ ಇಲ್ಲವೇ ಅನ್ನೋದು ಅದರ ತಿರುಳು.

ಈ ಎರಡು ಮೊಕದ್ದಮೆಗಳ ಒತ್ತಡದಿಂದ 1983ರ ತಿದ್ದುಪಡಿ ಬಂತು. ಕನಿಷ್ಠ ಶಿಕ್ಷೆ 7 ವರ್ಷ ಆಯಿತು. ಪೊಲೀಸ್, ಜೈಲು, ಆಸ್ಪತ್ರೆ ಮುಂತಾದ ಸುಪರ್ದಿಯಲ್ಲಿ ನಡೆದರೆ 10 ವರ್ಷ. ಸಾಕ್ಷ್ಯ ಅಧಿನಿಯಮಕ್ಕೆ 114ಎ ಸೇರಿತು. ಸುಪರ್ದಿಯ ಅತ್ಯಾಚಾರದಲ್ಲಿ ಸಂಭೋಗ ನಡೆದದ್ದು ಸಾಬೀತಾಗಿ, ಸಮ್ಮತಿ ಇರಲಿಲ್ಲ ಅಂತ ಅವಳು ಕೋರ್ಟಿನಲ್ಲಿ ಹೇಳಿದರೆ, ಇರಲಿಲ್ಲ ಅಂತಲೇ ನ್ಯಾಯಾಲಯ ತಿಳಿಯಬೇಕು. ಆದರೆ ನಲ್ಲಕುಂಟ ಪ್ರಕರಣದಲ್ಲಿ ಆಯುಧವಾಗಿದ್ದ 'ನಡತೆ' ಆಗ ಹೋಗಲಿಲ್ಲ. ದೂರುದಾರಳು ಅನೈತಿಕ ನಡತೆಯವಳು ಅಂತ ತೋರಿಸಲು ಬಿಡುವ 155(4)ನೆಯ ಕಲಂ ಕಿತ್ತುಹಾಕಿದ್ದು 2003ರಲ್ಲಿ. ಎರಡು ಬೆರಳಿನ ಪರೀಕ್ಷೆಯನ್ನು ಸುಪ್ರೀಂ ಕೋರ್ಟ್ 2013ರಲ್ಲಿ ಖಂಡಿಸಿತು. 2022ರಲ್ಲಿ ಮತ್ತೆ ಹೇಳಬೇಕಾಯಿತು.

1991: ಗಡಿಯ ಎರಡು ಮಗ್ಗಲು

ಈಗ ಮೊದಲು ಹೇಳಿದ ಸಂಗತಿಗೆ ಬರೋಣ. ಕ್ರಿಮಿನಲ್ ಕಾನೂನು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ರಾಜ್ಯಗಳು ಕೇಂದ್ರದ ಸಂಹಿತೆಯನ್ನು ತಮ್ಮ ಮಟ್ಟಿಗೆ ತಿದ್ದಬಹುದು. ಆಂಧ್ರಪ್ರದೇಶ 1991ರ 6ನೆಯ ಅಧಿನಿಯಮದ ಮೂಲಕ 354ನೆಯ ಕಲಮನ್ನು ತಿದ್ದಿತು. 5ರಿಂದ 7 ವರ್ಷ, ವಿಶೇಷ ಕಾರಣ ಬರೆದರೆ ಮಾತ್ರ ಕಡಿಮೆ, ಅದೂ 2 ವರ್ಷಕ್ಕಿಂತ ಕೆಳಗಿಲ್ಲ. ಅಂದರೆ ಗಡಿಯ ಈಚೆ ಗರಿಷ್ಠ ಎಷ್ಟಿತ್ತೋ ಆಚೆ ಅದು ಕನಿಷ್ಠಕ್ಕಿಂತಲೂ ಕನಿಷ್ಠ.

ಇದರಿಂದ ಜಹೀರಾಬಾದಿನ ಹೆಂಗಸರು ಬೀದರಿನವರಿಗಿಂತ ಸುರಕ್ಷಿತವಾದರು ಅಂತ ಹೇಳಬಹುದೇ? ಹಾಗೆ ಹೇಳೋಕೆ ನನ್ನ ಹತ್ತಿರ ಆಧಾರ ಇಲ್ಲ, ಹೇಳೋದೂ ಇಲ್ಲ. ಆದರೆ ತಿದ್ದುಪಡಿಯ ವಾಕ್ಯವನ್ನು ಓದಿದರೆ ಒಂದು ಗೊತ್ತಾಗುತ್ತೆ. ವರ್ಷಗಳು ಬದಲಾದವು, ವ್ಯಾಖ್ಯೆ ಬದಲಾಗಲಿಲ್ಲ. 'ಮಾಡೆಸ್ಟಿ' ಹಾಗೇ ಉಳಿಯಿತು. ಮಾನದ ಬೆಲೆ ಏರಿಸಿದರು, ಮಾನವೇ ಯಾಕೆ ಅಳತೆಗೋಲು ಅಂತ ಕೇಳಲಿಲ್ಲ.

2013ರಲ್ಲಿ ಸಂಸತ್ತೇ ಈ ಕಲಮನ್ನು ತಿದ್ದಿ ಕನಿಷ್ಠ 1, ಗರಿಷ್ಠ 5 ವರ್ಷ ಮಾಡಿತು. ಸಂವಿಧಾನದ 254ನೆಯ ವಿಧಿಯ ಪ್ರಕಾರ, ರಾಜ್ಯದ ತಿದ್ದುಪಡಿಗೂ ಸಂಸತ್ತಿನ ಆಮೇಲಿನ ಕಾನೂನಿಗೂ ವಿರೋಧ ಬಂದರೆ ಸಂಸತ್ತಿನದೇ ಮೇಲು. ಬೀದರಿನ ಕಡೆಯಿಂದ ನೋಡಿದರೆ 2013ರ ಕಾನೂನು ಶಿಕ್ಷೆ ಹೆಚ್ಚಿಸಿತು. ಜಹೀರಾಬಾದಿನ ಕಡೆಯಿಂದ ನೋಡಿದರೆ ಸಂಸತ್ತು ಬರೆದ ಅಂಕಿ ರಾಜ್ಯದ ಹಳೆಯ ಅಂಕಿಗಿಂತ ಕಡಿಮೆ. ಚರಿತ್ರೆಯನ್ನು ಎಲ್ಲಿ ನಿಂತು ಓದುತ್ತೇವೆ ಅನ್ನೋದು ಇದಕ್ಕೇ ಮುಖ್ಯ.

ಬಿಟ್ಟವರು ಯಾರು, ಬಳಸಿಕೊಂಡವರು ಯಾರು?

ರಾಜ್ಯಗಳೇ ಮಾಡಿದ ಇನ್ನೊಂದು ಕಾನೂನು ದೇವದಾಸಿ ನಿಷೇಧ. ಮುಂಬಯಿ ಪ್ರಾಂತ್ಯದಲ್ಲಿ 1934, ಮದ್ರಾಸಿನಲ್ಲಿ 1947. ಇವು ಹೈದರಾಬಾದ್ ಸಂಸ್ಥಾನಕ್ಕೆ ಅನ್ವಯಿಸುತ್ತಿರಲಿಲ್ಲ. ಕರ್ನಾಟಕ 1982ರಲ್ಲಿ, ಆಂಧ್ರಪ್ರದೇಶ 1988ರಲ್ಲಿ ಕಾನೂನು ಮಾಡಿದವು. ಕಲ್ಯಾಣ ಕರ್ನಾಟಕದಲ್ಲಿ ದೇವದಾಸಿ, ಜೋಗತಿ, ಬಸವಿ ಅನ್ನೋದನ್ನೇ ಹಳೆಯ ಮೆದಕ್, ನಿಜಾಮಾಬಾದ್, ಮಹಬೂಬನಗರ ಜಿಲ್ಲೆಗಳಲ್ಲಿ 'ಜೋಗಿನಿ' ಅಂತಾರೆ. ಹೆಚ್ಚಿನವರು ದಲಿತ ಮನೆಯ ಹೆಣ್ಣುಮಕ್ಕಳು.

ಎರಡೂ ಕಾನೂನುಗಳು ಅಪರಾಧ ಅಂತ ಗುರುತಿಸಿದ್ದು ದೇವರಿಗೆ ಬಿಡುವ ವಿಧಿಯನ್ನು. ವಿಧಿ ನಡೆಸಿದವರು, ಅದಕ್ಕೆ ಅವಕಾಶ ಕೊಟ್ಟವರು, ಭಾಗವಹಿಸಿದವರು, ಕುಮ್ಮಕ್ಕು ಕೊಟ್ಟವರು ತಪ್ಪಿತಸ್ಥರು. ತಂದೆ ತಾಯಿ, ಪೋಷಕರಿಗೆ 5 ವರ್ಷದ ತನಕ ಹೆಚ್ಚಿನ ಶಿಕ್ಷೆ. ಆ ಹುಡುಗಿಯನ್ನು ಆಮೇಲೆ ಬಳಸಿಕೊಂಡ ಊರ ಗೌಡನೋ ಪಟೇಲನೋ ಈ ಕಾನೂನಿನ ವಾಕ್ಯದಲ್ಲಿ ಬರಲೇ ಇಲ್ಲ. ಅವನನ್ನು ಹಿಡಿಯಬೇಕಾದರೆ 376ಕ್ಕೆ ಹೋಗಬೇಕಿತ್ತು, 2012ರ ನಂತರವಾದರೆ ಹುಡುಗಿ 18ರ ಒಳಗಿದ್ದಾಗ ಪೋಕ್ಸೋಗೆ ಹೋಗಬೇಕು. ಬಡ ತಾಯಿ ಕರ್ತೃ ಆದಳು, ಬಳಸಿಕೊಂಡವನು ವಾಕ್ಯದಿಂದಲೇ ಜಾರಿಕೊಂಡ. ವ್ಯಾಕರಣ ಓದುವ ನಮಗೆ ಕರ್ತೃ ಲೋಪ ಅಂದರೆ ಏನು ಅಂತ ಗೊತ್ತು. ಇಲ್ಲಿ ಅದರಿಂದ ಒಬ್ಬ ಮನುಷ್ಯ ಶಿಕ್ಷೆ ತಪ್ಪಿಸಿಕೊಳ್ಳುತ್ತಾನೆ.

2013ರಿಂದ ಈಚೆಗೆ

2012ರ ಡಿಸೆಂಬರಿನ ದೆಹಲಿಯ ಘಟನೆಯ ನಂತರ ನ್ಯಾಯಮೂರ್ತಿ ವರ್ಮಾ ಸಮಿತಿ ಒಂದು ತಿಂಗಳಲ್ಲಿ ವರದಿ ಕೊಟ್ಟಿತು. 2013ರ ತಿದ್ದುಪಡಿಯಲ್ಲಿ ವ್ಯಾಖ್ಯೆಯೇ ಬದಲಾಯಿತು. ಸಂಭೋಗ ಅನ್ನೋ ಒಂದೇ ಪದದ ಜಾಗದಲ್ಲಿ ಯಾವ ಯಾವ ಕೃತ್ಯ ಅಂತ ಬಿಡಿಸಿ ಬರೆದರು. ಸಮ್ಮತಿ ಅಂದರೆ ಮಾತಿನಿಂದಲೋ ಸನ್ನೆಯಿಂದಲೋ ಸ್ಪಷ್ಟವಾಗಿ, ಸ್ವಇಚ್ಛೆಯಿಂದ ತಿಳಿಸಿದ ಒಪ್ಪಿಗೆ ಅಂತ ವಿವರಿಸಿದರು. ಮೈಯಿಂದ ಪ್ರತಿರೋಧ ತೋರಿಸಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಒಪ್ಪಿದಳು ಅಂತ ತಿಳಿಯಬಾರದು ಅಂತಲೂ ಬರೆದರು. ತುಕಾರಾಂ ತೀರ್ಪಿಗೆ ಕಾನೂನಿನ ಉತ್ತರ ಬರಲು 35 ವರ್ಷ ಹಿಡಿಯಿತು. ಹಿಂಬಾಲಿಸುವುದು, ಕದ್ದು ನೋಡುವುದು, ಬಟ್ಟೆ ಬಿಚ್ಚಿಸುವುದು ಪ್ರತ್ಯೇಕ ಅಪರಾಧವಾದವು. ಸಾಮೂಹಿಕ ಅತ್ಯಾಚಾರಕ್ಕೆ ಕನಿಷ್ಠ 20 ವರ್ಷ. ಇಂಥ ದೂರು ದಾಖಲಿಸದ ಸರ್ಕಾರಿ ನೌಕರನಿಗೂ ಶಿಕ್ಷೆ.

ಸಮಿತಿ ಮರಣದಂಡನೆ ಬೇಡ ಅಂದಿತ್ತು. ಕಾನೂನು ಕೆಲವು ಸಂದರ್ಭಕ್ಕೆ ಅದನ್ನು ತಂದಿತು. 2018ರಲ್ಲಿ ಕನಿಷ್ಠ ಶಿಕ್ಷೆ 10 ವರ್ಷಕ್ಕೆ ಏರಿತು, 12ರೊಳಗಿನ ಮಕ್ಕಳ ಪ್ರಕರಣದಲ್ಲಿ ಮರಣದಂಡನೆಯ ತನಕ ಹೋಯಿತು. ಗಂಡನಿಗೆ ವಿನಾಯಿತಿ ಬೇಡ ಅನ್ನೋ ಸಮಿತಿಯ ಸಲಹೆಯನ್ನು ಮಾತ್ರ ಕೈಬಿಟ್ಟರು. 2022ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟ್ ಒಬ್ಬ ಗಂಡನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದು ಮಾಡಲು ಒಪ್ಪಲಿಲ್ಲ. ಅದಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 375 ಈಗ 63 ಆಗಿದೆ, 376 ಈಗ 64, 354 ಈಗ 74. ವಿನಾಯಿತಿ ಉಳಿದಿದೆ, 74ರಲ್ಲಿ 'ಮಾಡೆಸ್ಟಿ'ಯೂ ಉಳಿದಿದೆ.

ತೆಲಂಗಾಣದಲ್ಲಿ 2014ರಿಂದ ಷೀ ಟೀಮ್‌ಗಳು ಬಂದವು. ಆದರೆ 2019ರ ಕೊನೆಯಲ್ಲಿ ಹೈದರಾಬಾದಿನ ಹೊರವಲಯದ ಪಶುವೈದ್ಯೆಯ ಪ್ರಕರಣದಲ್ಲಿ ನಾಲ್ವರು ಆರೋಪಿಗಳನ್ನು ಡಿಸೆಂಬರ್ 6ರಂದು ಪೊಲೀಸರು ಗುಂಡಿಟ್ಟು ಕೊಂದಾಗ ಜನ ಹೂವು ಎರಚಿದರು. 2022ರಲ್ಲಿ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದ್ದರು ಅಂತ ಹೇಳಿತು. ವಿಚಾರಣೆಯೇ ಇಲ್ಲದ ಶಿಕ್ಷೆ ಅದು. ನಲ್ಲಕುಂಟದಲ್ಲಿ ಪೊಲೀಸರ ಮೇಲೆ ಕಲ್ಲೆಸೆದ ಊರೇ ನಲವತ್ತೊಂದು ವರ್ಷದ ನಂತರ ಪೊಲೀಸರ ಮೇಲೆ ಹೂವು ಹಾಕಿತು. ಮಾನ ಹೋಯಿತು ಅನ್ನುವ ಸಿಟ್ಟಿಗೆ ಸಾಕ್ಷಿ ಬೇಕಾಗಿಲ್ಲ. ಸಮ್ಮತಿ ಇರಲಿಲ್ಲ ಅಂತ ಸಾಬೀತು ಮಾಡಲು ಕೋರ್ಟು ಬೇಕು, ಸಾಕ್ಷಿ ಬೇಕು, ಅವಳ ಮಾತು ಬೇಕು.

ಅವಳ ಮಾತು ಯಾವ ಭಾಷೆಯಲ್ಲಿ?

ಇಲ್ಲೇ ನನ್ನ ವಾದದ ಕೊನೆಯ ಹಂತ. 2013ರ ನಂತರ ವ್ಯಾಖ್ಯೆ ವಿವರ ಕೇಳುತ್ತೆ. ಏನು ಮಾಡಿದ, ಎಲ್ಲಿ ಮುಟ್ಟಿದ, ಏನು ಹೇಳಿದ, ನೀನೇನು ಹೇಳಿದೆ. ನಮ್ಮ ಕನ್ನಡದ ಹೆಂಗಸು ಹೇಳುವುದು ಹೇಗೆ? 'ಮೈಮ್ಯಾಲೆ ಬಿದ್ದ', 'ಕೈ ಹಾಕಿದ', 'ಮರ್ಯಾದಿ ತೆಗದ', 'ಕೆಡಿಸಿದ'. ಈ ಒಂದೊಂದು ಮಾತೂ 74ಕ್ಕೂ ಹೋಗಬಹುದು, 64ಕ್ಕೂ ಹೋಗಬಹುದು. ಒಂದರಲ್ಲಿ 1ರಿಂದ 5 ವರ್ಷ, ಇನ್ನೊಂದರಲ್ಲಿ 10 ವರ್ಷದಿಂದ ಜೀವಾವಧಿ. 'ಕೈ ಹಿಡಿದ' ಅನ್ನೋದಂತೂ ಇನ್ನೂ ಕಷ್ಟ. ಅದು ಕಿರುಕುಳವೂ ಹೌದು, ಕನ್ನಡದಲ್ಲಿ ಮದುವೆಯೂ ಹೌದು. ನಾರಾಯಣಖೇಡಿನ ಠಾಣೆಯಲ್ಲಿ ಈ ಮಾತನ್ನು ಕೇಳಿ ತೆಲುಗಿನಲ್ಲಿ ಬರೆಯುವವರು ಯಾವ ಪದ ಹಾಕುತ್ತಾರೆ ಅನ್ನೋದರ ಮೇಲೆ ಮೊಕದ್ದಮೆ ನಿಲ್ಲುತ್ತೆ. ಮೊದಲ ಹೇಳಿಕೆಗೂ ಕೋರ್ಟಿನ ಸಾಕ್ಷ್ಯಕ್ಕೂ ಪದ ಹೊಂದದಿದ್ದರೆ ಎದುರು ವಕೀಲರು ಮಾತು ಬದಲಿಸಿದಳು ಅಂತಾರೆ. ಬದಲಿಸಿದ್ದು ಅನುವಾದ, ಸಿಕ್ಕಿಬೀಳೋದು ಅವಳು.

ಕಾನೂನಿನಲ್ಲಿ ಇದಕ್ಕೆ ದಾರಿಗಳಿವೆ. ಇಂಥ ದೂರನ್ನು ಮಹಿಳಾ ಅಧಿಕಾರಿ ದಾಖಲಿಸಬೇಕು. ಹೇಳಿಕೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ಪಡೆಯಬೇಕು. ಸಾಕ್ಷಿ ಬೇರೆ ಭಾಷೆಯಲ್ಲಿ ಮಾತಾಡಿದರೆ ಸಾಧ್ಯವಾದ ಮಟ್ಟಿಗೆ ಅದೇ ಭಾಷೆಯಲ್ಲಿ ಬರೆದುಕೊಳ್ಳಬೇಕು ಅಂತ ಹಳೆಯ ಪ್ರಕ್ರಿಯಾ ಸಂಹಿತೆಯ 277ನೆಯ ಕಲಂ ಹೇಳುತ್ತಿತ್ತು. ಆ ತತ್ವ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಹೊಸ ಸಂಹಿತೆಯ 173ನೆಯ ಕಲಮಿನ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಜನ ಇದನ್ನು ಜೀರೋ ಎಫ್‌ಐಆರ್ ಅಂತಾರೆ. ಗಡಿಯವರಿಗೆ ಇದು ದೊಡ್ಡ ಅನುಕೂಲ. ಜಹೀರಾಬಾದಿಗೆ ಕೊಟ್ಟ ಮಗಳು ತವರಾದ ಬೀದರಿಗೆ ಬಂದು ಕನ್ನಡದಲ್ಲೇ ದೂರು ಬರೆಸಬಹುದು. ಆ ದೂರು ಅಲ್ಲಿಂದ ಗಡಿ ದಾಟಿ ಹೋಗುವಾಗ ಮತ್ತೆ ಅನುವಾದದ ಪ್ರಶ್ನೆ ಬರುತ್ತೆ. ಅದಕ್ಕೆ ನುರಿತವರು ಬೇಕು.

ಸಂವಾದದಿಂದ

ಮಂಡನೆಯ ನಂತರ ಬಂದ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರವನ್ನು ಇಲ್ಲಿ ಸೇರಿಸಿದ್ದೇನೆ.

ಒಬ್ಬ ಅಧ್ಯಾಪಕರು, ಮಾನ ಅನ್ನೋ ಪದವನ್ನು ಹೀಗೆ ತಳ್ಳಿಹಾಕಬಹುದೇ, ಹೆಂಗಸರೇ ತಮ್ಮ ನೋವನ್ನು ಆ ಪದದಲ್ಲಿ ಹೇಳಿಕೊಳ್ಳುತ್ತಾರಲ್ಲ ಅಂತ ಕೇಳಿದರು. ಸರ್, ಅವರು ಹೇಳಿಕೊಳ್ಳುವ ಹಕ್ಕನ್ನು ನಾನು ಪ್ರಶ್ನಿಸುತ್ತಿಲ್ಲ. ನಮ್ಮ ಜನಪದದಲ್ಲಿ ಮಾನ ಅಂದರೆ ಸ್ವಾಭಿಮಾನವೂ ಹೌದು. ಆದರೆ ಅವಳ ಬಾಯಲ್ಲಿ ಸ್ವಾಭಿಮಾನವಾದ ಪದ ಠಾಣೆಯ ಕಾಗದಕ್ಕೆ ಬಂದಾಗ ಮನೆತನದ ಮರ್ಯಾದೆಯಾಗುತ್ತೆ. ಆಗ ಅಣ್ಣನೋ ಗಂಡನೋ ಊರ ಹಿರಿಯರೋ ರಾಜಿ ಮಾಡಿಸುವ ಅಧಿಕಾರ ತಮ್ಮದು ಅಂದುಕೊಳ್ಳುತ್ತಾರೆ. ಮನೆತನದ ಮಾನಕ್ಕೆ ರಾಜಿ ಆಗಬಹುದು. ಅವಳ ಸಮ್ಮತಿಯನ್ನು ಅವಳ ಬದಲು ಇನ್ನೊಬ್ಬರು ಕೊಡೋಕೆ ಆಗೋದಿಲ್ಲ.

ಗೆಳತಿಯೊಬ್ಬಳು, ಹಾಗಾದರೆ ನಮ್ಮ ವಿಭಾಗ ಏನು ಮಾಡಬಹುದು ಅಂತ ಕೇಳಿದಳು. ಒಂದು ಸಣ್ಣ ಕೆಲಸ ಹೇಳ್ತೇನೆ. ಬೀದರ್, ಕಲಬುರಗಿ, ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಭಾಗದ ಕನ್ನಡದಲ್ಲಿ ಮೈ, ಮುಟ್ಟುವಿಕೆ, ಬಲವಂತ, ಒಪ್ಪಿಗೆ ಇವಕ್ಕೆ ಇರುವ ಮಾತುಗಳ ಒಂದು ಪದಕೋಶ. ಎದುರಿಗೆ ತೆಲುಗು, ಉರ್ದು, ಇಂಗ್ಲಿಷ್ ಅರ್ಥ, ಆ ಮಾತಿಗೆ ಎಷ್ಟು ಅರ್ಥಗಳಿವೆ ಅನ್ನೋ ಟಿಪ್ಪಣಿ. ಪದ ಸಂಗ್ರಹಿಸುವವರು ಹೆಣ್ಣುಮಕ್ಕಳೇ ಆಗಿರಬೇಕು, ಯಾಕಂದ್ರೆ ಗಂಡಸರ ಎದುರು ಈ ಮಾತು ಬರೋದಿಲ್ಲ. ಯಾರ ಅನುಭವವನ್ನೂ ಕೆದಕಬೇಕಾಗಿಲ್ಲ, ಪದ ಕೇಳಿದರೆ ಸಾಕು. ಅದನ್ನು ಎರಡೂ ರಾಜ್ಯಗಳ ಕಾನೂನು ಸೇವಾ ಪ್ರಾಧಿಕಾರಗಳಿಗೆ ಕೊಡಬಹುದು. ನಿಘಂಟು ಕಟ್ಟುವುದು ನಮ್ಮ ಭಾಷೆಯ ಹಳೆಯ ಕಸುಬು. ಮುಂದಿನ ಸೆಮಿಸ್ಟರಿನ ಕ್ಷೇತ್ರಕಾರ್ಯಕ್ಕೆ ಇದನ್ನು ತೆಗೆದುಕೊಳ್ಳೋಣ ಅಂತ ವಿಭಾಗದ ಮುಂದೆ ಇಡುತ್ತಿದ್ದೇನೆ.